ನಾಲ್ಕು ಬೆಡ್ಡಿನ ಸಿಸ್ಟರ್

"ಮೂರನೇ ಬೆಡ್ ಇವತ್ತ ಹೆಂಗದ್ರಿ ಸಿಸ್ಟರ್?"

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ಎಂಟು ಗಂಟೆಯ ಬಸ್ಸಿನಲ್ಲಿ ಹೀಗೆ ಕೇಳುತ್ತಿದ್ದವಳು ಬಳೆ ಮಾರುವ ಒಬ್ಬ ಮುದುಕಿ. ನಮ್ಮ ಹಿಂದಿನ ಸೀಟಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಸಿಸ್ಟರ್ ತಿರುಗಿ, "ಇನ್ನಾ ಸೀರಿಯಸ್ ಅದ ನೋಡವ್ವ, ರಕ್ತ ನಿಂತಿಲ್ಲ" ಅನ್ನುತ್ತಿದ್ದರು. "ಯಾರ ಮನಿ ಕೂಸೋ ಏನೋ, ಉಳೀಲಿ" ಎಂದು ಮುದುಕಿ ಕೈ ಮುಗಿದು ಮಹಾಗಾಂವ ಕ್ರಾಸಿನಲ್ಲಿ ಇಳಿದು ಹೋಗುತ್ತಿದ್ದಳು. ಮೂರನೇ ಬೆಡ್ಡಿನಲ್ಲಿ ಇದ್ದದ್ದು ಯಾರ ಮನೆಯ ಕೂಸೂ ಅಲ್ಲ, ಒಂದು ಕ್ರೆಡಿಟ್ ಕಾರ್ಡು. ಸಿಸ್ಟರ್ ಹತ್ತಿರ ಅಂಥವು ನಾಲ್ಕಿದ್ದವು. ಆ ಗುಟ್ಟು ಗೊತ್ತಿದ್ದದ್ದು ಇಡೀ ಬಸ್ಸಿನಲ್ಲಿ ನನಗೊಬ್ಬನಿಗೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಕಮಲಾಪುರದ ದವಾಖಾನೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್, ಅವರು ಸ್ಟಾಫ್ ನರ್ಸ್. ನಾನು ಕುಸನೂರಿನಿಂದ, ಅವರು ಜೇವರ್ಗಿ ಕಾಲೋನಿಯಿಂದ ಬಂದು ಬಸ್ ಸ್ಟ್ಯಾಂಡಿನಲ್ಲಿ ಕೂಡುತ್ತಿದ್ದೆವು. ಒಂಬತ್ತು ವರ್ಷ ಒಂದೇ ಬಸ್ಸು. ಗಂಡ ಬಹಳ ಹಿಂದೆಯೇ ಬಿಟ್ಟು ಹೋಗಿದ್ದರಂತೆ. ಎಲ್ಲಿದ್ದಾರೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಒಬ್ಬಳೇ ಮಗಳನ್ನು ಓದಿಸಿ ಕಮಲಾಪುರದಲ್ಲೇ, ಬಾಳೆಹಣ್ಣಿನ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದರು.

ಇಂಜೆಕ್ಷನ್ ಕೊಡುವುದರಲ್ಲಿ ಅವರ ಕೈಗುಣ ಊರಿಗೆಲ್ಲ ಗೊತ್ತಿತ್ತು. ಮಕ್ಕಳಿಗೆ ಸೂಜಿ ತೋರಿಸಿಯೇ ಕೊಡುತ್ತಿದ್ದರು. "ಬಚ್ಚಿಟ್ಟರ ಹೆಚ್ಚ ಅಂಜತಾವ" ಅನ್ನುತ್ತಿದ್ದರು. ಹೀಗೆ ಹೇಳುವ ಹೆಂಗಸು ತನ್ನ ಸಂಕಟವನ್ನು ಮಾತ್ರ ಮಗಳಿಂದ, ಬೀಗರಿಂದ, ಓಣಿಯವರಿಂದ ಬಚ್ಚಿಟ್ಟು ಬಚ್ಚಿಟ್ಟು ಅರ್ಧ ಜೀವವಾದರು.

ಶುರುವಾದದ್ದು ಬಹಳ ಸಣ್ಣದಾಗಿ. ಒಂದು ದಿನ ಕಾರ್ಡು ಮಾಡಿಸುವವರು ದವಾಖಾನೆಗೇ ಬಂದರು. ನಮ್ಮಲ್ಲಿ ಪಗಾರ ಸ್ವಲ್ಪ ಹೆಚ್ಚಿದ್ದವರು ಸಿಸ್ಟರ್, ಅವರಿಗೆ ಸಿಕ್ಕಿತು. ಮನೆಯಲ್ಲಿ ಸಕ್ಕರೆ ತೀರಿದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವ ಜನ ನಾವು. ಕಾರ್ಡನ್ನೂ ಹಾಗೆಯೇ ಬಳಸಿದೆವು. ಒಬ್ಬರ ಮೊಬೈಲು, ಒಬ್ಬರ ಮಿಕ್ಸರು, ಡಾಕ್ಟರ ಟಿವಿ, ಎಲ್ಲವೂ ಸಿಸ್ಟರ ಕಾರ್ಡಿನ ಮೇಲೆ ಕಂತಿನಲ್ಲಿ ಬಂದವು. ನಮ್ಮ ಮನೆಗೆ ವಾಷಿಂಗ್ ಮಷೀನು ಬಂದದ್ದೂ ಹಾಗೆಯೇ: ಒಂಬತ್ತು ಕಂತು, ಒಂದೊಂದು ಸಾವಿರದ ಎಂಟುನೂರಾ ಐವತ್ತು.

ನಾವು ಕಂತಿನ ರೊಕ್ಕವನ್ನು ಅವರ ಕೈಗೆ ಕೊಡುತ್ತಿದ್ದೆವು, ಒಬ್ಬರು ಐದನೇ ತಾರೀಖು, ಒಬ್ಬರು ಇಪ್ಪತ್ತಕ್ಕೆ. ಹಾಗೆ ಬಿಡಿಬಿಡಿಯಾಗಿ ಬಂದ ನಗದು ಹಾಲಿಗೆ, ಗ್ಯಾಸಿಗೆ, ಮಗಳ ಫೀಸಿಗೆ ಹೋಗಿಬಿಡುತ್ತಿತ್ತು. ಬಿಲ್ಲು ಬಂದಾಗ ಕೈಯಲ್ಲಿ ಇರುತ್ತಿರಲಿಲ್ಲ. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವಲ್ಲ, ಪೂರ್ತಿ ಒಂದು, ಮಿನಿಮಮ್ ಒಂದು. ಅವರು ಮಿನಿಮಮ್ ಕಟ್ಟಿದರು. ಮುಂದೆ ಮಗಳ ಮದುವೆ ಬಂತು. ಬೀಗರ ಕಡೆಯವರಿಗೆಲ್ಲ ಆಹೇರಿಯ ಸೀರೆ, ಧೋತರ, ಶಾಲು ಕೊಡಬೇಕು. ಅದಕ್ಕೆ ಎರಡನೇ ಕಾರ್ಡು. ಮೊದಲನೆಯದನ್ನು ಕಟ್ಟಲು ಮೂರನೆಯದು, ಮೂರನೆಯದನ್ನು ಕಟ್ಟಲು ನಾಲ್ಕನೆಯದು.

"ಮಿನಿಮಮ್ ಅಂದ್ರ ಅಷ್ಟ ಸಾಕು ಅಂತ ಅವರೇ ಬರದಾರಲ್ರಿ, ಬ್ಯಾಂಕಿನವರು ಭಾಳ ಒಳ್ಳೆಯವರಿದ್ದಾರ ಅಂತ ತಿಳಕೊಂಡಿದ್ದೆ" ಎಂದು ಒಮ್ಮೆ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇಪ್ಪತ್ತೇಳು ವರ್ಷ ಎಲ್ಲಾರಿಗೂ ಹೇಳೀನ್ರಿ, ಗುಳಿಗಿ ಡೋಸ್ ಕಮ್ಮಿ ಮಾಡಿ ತಗೋಬ್ಯಾಡ್ರಿ, ರೋಗ ಹೋಗಂಗಿಲ್ಲ, ಗಟ್ಟಿ ಆಗ್ತದ ಅಂತ. ನಾನೇ ಐದು ವರ್ಷ ಕಮ್ಮಿ ಡೋಸ್ ಕೊಟ್ಕೋತ ಕೂತೆ" ಅಂದರು.

ಇದೆಲ್ಲ ನನಗೆ ತಿಳಿದದ್ದು ಒಂದು ಫೋನಿನಿಂದ. ವಸೂಲಿಯ ಹುಡುಗಿಯೊಬ್ಬಳು ನನಗೆ ಫೋನು ಮಾಡಿ ಸಿಸ್ಟರ ಹೆಸರು ಹೇಳಿ, "ಅವರಿಗೆ ನೀವೇನಾಗಬೇಕು ಸರ್?" ಎಂದು ಕೇಳಿದಳು. "ಏನೂ ಆಗಬೇಕಾಗಿಲ್ರಿ, ಕೂಡಿ ಕೆಲಸ ಮಾಡ್ತೀವಿ, ಅಷ್ಟೇ" ಅಂದು ಇಟ್ಟೆ. ಮರುದಿನ ಬಸ್ಸಿನಲ್ಲಿ ಸಿಟ್ಟಿನಿಂದಲೇ ಕೇಳಿದೆ, ನನ್ನ ನಂಬರು ಯಾಕೆ ಕೊಟ್ಟಿರಿ ಎಂದು. ಊರು ದಾಟಿದ ಮೇಲೆ ಸಿಸ್ಟರು ಒಂದೇ ಸಮನೆ ಹೇಳಿದರು. ನಾಲ್ಕು ಕಾರ್ಡು, ಒಟ್ಟು ನಾಲ್ಕು ಲಕ್ಷ ಹತ್ತು ಸಾವಿರ. ತಿಂಗಳಿಗೆ ನೂರಕ್ಕೆ ಮೂರೂವರೆಯ ಹತ್ತಿರ ಬಡ್ಡಿ.

"ಫಾರಂದಾಗ ಎರಡನೇ ನಂಬರ್ ಬೇಕಂದ್ರು. ಮಗಳದು ಕೊಟ್ಟರ ಮನಿ ಮುರೀತಾದ. ನಿಮ್ಮದ ಬಾಯಿಗಿ ಬಂತು, ಕೊಟ್ಟೆ. ತಪ್ಪಾತ್ರಿ."

ಮನೆ ಮುರಿಯುತ್ತದೆ ಎಂದದ್ದು ಸುಮ್ಮನೆ ಅಲ್ಲ. ಮದುವೆಯ ಮಾತುಕತೆಯಲ್ಲಿ, ತಾನು ರಿಟೈರ್ ಆದಾಗ ಬರುವ ರೊಕ್ಕವೆಲ್ಲ ಮಗಳ ಮನೆಗೇ ಎಂದು ಸಿಸ್ಟರು ಹತ್ತು ಜನರೆದುರು ಒಪ್ಪಿಕೊಂಡಿದ್ದರು. ಬೀಗರು ಆ ರೊಕ್ಕದಲ್ಲಿ ಅಂಗಡಿ ದೊಡ್ಡದು ಮಾಡುವ ಲೆಕ್ಕ ಹಾಕಿಕೊಂಡು ಕೂತಿದ್ದರು. "ಅದು ಕಮ್ಮಿ ಬಂದ್ರ ನನ್ನನ್ನ ಕೇಳಂಗಿಲ್ರಿ ಅವರು. ಆಕಿನ್ನ ಕೇಳ್ತಾರ. ನಿಮ್ಮವ್ವ ರೊಕ್ಕ ಎಲ್ಲಿ ಹಾಕ್ಯಾಳಂತ ದಿನಾ ಕೇಳ್ತಾರ. ನಾ ರಿಟೈರ್ ಆಗೋದ್ರೊಳಗ ನಾಲ್ಕೂ ಸೊನ್ನಿ ಆಗಬೇಕು, ಒಂದ ರೂಪಾಯಿ ಉಳೀಬಾರದು." ಆಗ ಅವರಿಗೆ ಉಳಿದಿದ್ದ ಸರ್ವೀಸು ಮೂರು ವರ್ಷ.

ಮರುವಾರ ಅವರು ದವಾಖಾನೆಯ ಹಳೆಯ ಜ್ವರದ ಚಾರ್ಟಿನ ನಾಲ್ಕು ಹಾಳೆ ತಂದರು, ಪೇಷಂಟಿನ ಕಾಲ ಬಳಿ ತೂಗುಹಾಕುತ್ತಾರಲ್ಲ, ಅವು. ಒಂದೊಂದು ಕಾರ್ಡಿಗೆ ಒಂದೊಂದು ಹಾಳೆ: ಬೆಡ್ ಒಂದು, ಬೆಡ್ ಎರಡು, ಹೀಗೆ. ಜ್ವರ ಬರೆಯುವ ಜಾಗದಲ್ಲಿ ಬಾಕಿ. ಹೆಚ್ಚು ಬಡ್ಡಿಯಿದ್ದದ್ದು ಮೂರನೆಯದಕ್ಕೆ. "ಅಪಘಾತದಾಗ ನಾಲ್ಕು ಮಂದಿ ಬಂದ್ರ ಯಾರು ಹೆಚ್ಚ ಒದರತಾರ ಅಂತ ನೋಡಬಾರದು. ಯಾರ ರಕ್ತ ಹೆಚ್ಚ ಹೋಗಾಕತ್ತದ ನೋಡಬೇಕು. ಉಳಿದವರಿಗಿ ಬ್ಯಾಂಡೇಜ್ ಸುತ್ತಿ ಕೂಡಸಬೇಕು." ಅಂದರೆ ಮೂರು ಕಾರ್ಡಿಗೆ ಮಿನಿಮಮ್ ಕಟ್ಟಿ, ಉಳಿದದ್ದನ್ನೆಲ್ಲ ಮೂರನೆಯದರ ಮೇಲೆ ಸುರಿಯುವುದು. ನಾಲ್ಕೂ ಕಾರ್ಡನ್ನು ನನ್ನ ಲ್ಯಾಬಿನ ಕತ್ತರಿಯಿಂದಲೇ ಕತ್ತರಿಸಿದರು. ಪ್ರತಿ ತಿಂಗಳು ಎರಡನೇ ತಾರೀಖು ಬಸ್ಸಿನಲ್ಲಿ ನನಗೆ ಚಾರ್ಜು ಒಪ್ಪಿಸುತ್ತಿದ್ದರು, ಡ್ಯೂಟಿ ಬದಲಾಗುವಾಗ ನರ್ಸುಗಳು ಒಪ್ಪಿಸುವ ಹಾಗೆ. ಬಳೆಯ ಮುದುಕಿ ಕೇಳಿಸಿಕೊಂಡದ್ದು ಇದನ್ನೇ.

ಕಡಿತವೆಲ್ಲ ಹೋಗಿ ಅವರ ಕೈಗೆ ಬರುತ್ತಿದ್ದದ್ದು ಮೂವತ್ತೊಂದು ಸಾವಿರ. ಅದರಲ್ಲಿ ಇಪ್ಪತ್ತೊಂದು ಸಾವಿರ ಬೆಡ್ಡುಗಳಿಗೆ, ಆರು ಸಾವಿರ ಮನೆ ಬಾಡಿಗೆಗೆ. ಉಳಿದ ನಾಲ್ಕರಲ್ಲಿ ಬಸ್ಸು, ಊಟ, ಹಬ್ಬಕ್ಕೆ ಮಗಳಿಗೊಂದು ಕುಬಸದ ಬಟ್ಟೆ. ಕೈಯ ಬಂಗಾರದ ಬಳೆ ಮೊದಲ ತಿಂಗಳೇ ಹೋದವು. ಚಹಾ ಬಿಟ್ಟರು, ಪಿತ್ತ ಆಗುತ್ತದೆ ಎಂದು ಎಲ್ಲರಿಗೂ ಹೇಳಿದರು. ಸಂಜೆ ಬಸ್ ಸ್ಟ್ಯಾಂಡಿನಿಂದ ಕಾಲೋನಿಗೆ ನಡೆದೇ ಹೋಗುತ್ತಿದ್ದರು, ಶುಗರಿಗೆ ವಾಕಿಂಗ್ ಒಳ್ಳೆಯದು ಎಂದರು. ಅವರಿಗೆ ಶುಗರ್ ಇರಲಿಲ್ಲ, ರಕ್ತ ನೋಡಿದವನು ನಾನೇ. ಡಬ್ಬಿಯಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ, ಮೂರು ವರ್ಷ ಅದೇ.

ಫೋನು ಮಾತ್ರ ಬಿಡುತ್ತಿರಲಿಲ್ಲ. ಅದನ್ನವರು ಹತ್ತಿ ಇಡುವ ಸ್ಟೀಲಿನ ಡ್ರಮ್ಮಿನಲ್ಲಿ ಹಾಕಿ ಮುಚ್ಚಳ ಹಾಕುತ್ತಿದ್ದರು. ಒಳಗೆ ಅದು ಗುಂಯ್ ಅಂದಾಗ ಟೇಬಲ್ಲೇ ನಡುಗುತ್ತಿತ್ತು. "ದುಂಬಿ ಹೊಕ್ಕದೇನ್ರಿ ಸಿಸ್ಟರ್?" ಎಂದು ಪೇಷಂಟುಗಳು ಕೇಳುತ್ತಿದ್ದರು.

ಒಂದು ದಿನ ಬೈಕಿನ ಮೇಲೆ ಒಬ್ಬನು ಬಂದೇ ಬಿಟ್ಟ. ಹೊರರೋಗಿಗಳ ಸಾಲಿನ ನಡುವೆ ನಿಂತು ಅವರ ಹೆಸರು ಹಿಡಿದು ಕೂಗಿದ. ಮಗಳ ಮನೆ ಅಲ್ಲಿಂದ ಮೂರು ಓಣಿ ದೂರ. ಸಾಲಿನಲ್ಲಿ ಬೀಗರ ಓಣಿಯವರೂ ಇದ್ದರು. ಸಿಸ್ಟರು ಹೊರಗೆ ಬಂದು, "ಬರ್ರಿ, ಚೀಟಿ ಮಾಡಿಸಿರೇನು? ಕೂಡ್ರಿ" ಎಂದು ಅವನನ್ನು ಸ್ಟೂಲಿನ ಮೇಲೆ ಕೂಡಿಸಿ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. "ನಿಮ್ಮದು ಭಾಳ ಹೆಚ್ಚದ. ಬಿಸಿಲಾಗ ತಿರುಗಬ್ಯಾಡ್ರಿ, ಉಪ್ಪು ಕಡಿಮಿ ಮಾಡ್ರಿ." ಆಮೇಲೆ ಅವನ ಕಿವಿಯ ಹತ್ತಿರ, "ಐದನೇ ತಾರೀಖಿಗಿ ಕಟ್ತೀನಪ್ಪ. ಇಲ್ಲಿ ಬರಬ್ಯಾಡ, ನಿನ್ನ ಕಾಲಿಗಿ ಬೀಳ್ತೀನಿ" ಅಂದರು. ಅವನಿಗೆ ಖರೆಯೇ ಬಿಪಿ ಇತ್ತು, ಹೆದರಿ ಸುಮ್ಮನೆ ಹೋದ. ಹತ್ತು ನಿಮಿಷ ಕಳೆದು ನಾನು ಹಿಂದೆ ನೀರಿನ ಟಾಕಿಯ ಕಡೆ ಹೋದರೆ, ಸಿಸ್ಟರು ಗೋಡೆ ಹಿಡಿದು ಕಾರಿಕೊಳ್ಳುತ್ತಿದ್ದರು. ನೀರು ಕೊಟ್ಟೆ. "ಯಾರಾದ್ರೂ ಕೇಳಿಸಿಕೊಂಡ್ರೇನ್ರಿ?" ಎಂದದ್ದು ಒಂದೇ ಮಾತು.

ಇನ್ನೊಮ್ಮೆ ಎರಡನೇ ಬೆಡ್ಡಿನವರು ಅರ್ಧ ಕಟ್ಟಿ ಮುಗಿಸಿಬಿಡಿ ಎಂದರು. ನಾನು ಕುಣಿದಾಡಿದೆ. ಸಿಸ್ಟರು ಮಾತ್ರ, ಕಾಗದದಲ್ಲಿ ಏನೆಂದು ಬರೆಯುತ್ತೀರಿ ಎಂದು ಕೇಳಿದರು. ಪೂರ್ತಿ ಕಟ್ಟಿದ್ದಾರೆ ಎಂದು ಬರೆಯಲು ಬರುವುದಿಲ್ಲ ಎಂದರಂತೆ. ಇವರು ಒಲ್ಲೆ ಅಂದರು. "ಹೇಳದೇ ಓಡಿಹೋದ ಪೇಷಂಟಿನ ಹಾಳಿ ಮ್ಯಾಲ ನಾವು ಡಿಸ್ಚಾರ್ಜ್ ಅಂತ ಬರೀತೀವೇನ್ರಿ?" ಆ ವಿಷಯದಲ್ಲಿ ಸಿಸ್ಟರು ಮೂರ್ಖರು ಎಂದು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಅರ್ಧ ಬಿಟ್ಟಿದ್ದರೆ ಆ ಜೀವಕ್ಕೆ ಎಂಟು ತಿಂಗಳ ಊಟ ಸಿಗುತ್ತಿತ್ತು.

ನೌಕರರ ಸೊಸೈಟಿಯಲ್ಲಿ ನೂರಕ್ಕೆ ಒಂದರಂತೆ ಸಾಲ ಸಿಗುತ್ತಿತ್ತು. ಅದನ್ನು ತೆಗೆದು ಕಾರ್ಡುಗಳನ್ನು ಮುಚ್ಚಿದ್ದರೆ ಹೊರೆ ಎಷ್ಟೋ ಇಳಿಯುತ್ತಿತ್ತು. ಅದಕ್ಕೆ ಇಬ್ಬರು ನೌಕರರ ಜಾಮೀನು ಬೇಕು. ಆ ಫಾರ್ಮು ಅವರ ಬ್ಯಾಗಿನಲ್ಲಿ ಹದಿನೈದು ದಿನ ಇತ್ತು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅದನ್ನು ತೆಗೆದು ತೊಡೆಯ ಮೇಲೆ ಬಿಡಿಸಿ, ಸಹಿ ಮಾಡುವ ಎರಡು ಖಾಲಿ ಗೆರೆಗಳ ಮೇಲೆ ಬೆರಳಾಡಿಸುತ್ತ ಕೂತರು. ಬಾಯಿಬಿಟ್ಟು ಕೇಳಲಿಲ್ಲ. ನಾನು ಕಿಟಕಿಯಿಂದ ಹೊರಗೆ ತೊಗರಿ ಹೊಲ ನೋಡುತ್ತ ಕೂತೆ. ಮಹಾಗಾಂವ ಕ್ರಾಸು ಬಂದಾಗ ಅವರು ಫಾರ್ಮನ್ನು ಮಡಚಿ ಒಳಗಿಟ್ಟರು. ಆ ದಿನದಷ್ಟು ತೊಗರಿಯನ್ನು ನಾನು ಜೀವನದಲ್ಲಿ ನೋಡಿಲ್ಲ.

ಯಾಕೆ ನೋಡುತ್ತ ಕೂತೆ ಎಂಬುದನ್ನೂ ಹೇಳಿಬಿಡುತ್ತೇನೆ. ವಾಷಿಂಗ್ ಮಷೀನಿನ ಒಂಬತ್ತು ಕಂತಿನಲ್ಲಿ ನಾನು ಕೊಟ್ಟದ್ದು ಆರು. ಏಳನೆಯದರ ಹೊತ್ತಿಗೆ ನನ್ನ ಮೂರು ತಿಂಗಳ ಮಗಳು ನ್ಯುಮೋನಿಯಾ ಆಗಿ ಕಲಬುರಗಿಯಲ್ಲಿ ಐಸಿಯು ಸೇರಿದಳು. ಮುಂದಿನ ತಿಂಗಳು ಕೊಡುತ್ತೇನೆ ಅಂದೆ. ಸಿಸ್ಟರು, "ಮೊದಲ ಕೂಸಿನ್ನ ನೋಡ್ರಿ" ಅಂದರು. ಕೂಸು ಹುಷಾರಾಗಿ ಮನೆಗೆ ಬಂತು, ನಡೆಯಲು ಕಲಿಯಿತು, ಅಂಗನವಾಡಿಗೆ ಹೋಯಿತು. ಉಳಿದ ಮೂರು ಕಂತು ನಾನು ಕೊಡಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಪ್ರತಿ ತಿಂಗಳು ಒಂದನೇ ತಾರೀಖು ನೆನಪಾಗುತ್ತಿತ್ತು, ಎರಡನೇ ತಾರೀಖು ಮರೆಯುತ್ತಿದ್ದೆ. ಹೆಂಡತಿಗೆ ಎಲ್ಲ ಮುಗಿಯಿತು ಎಂದು ಹೇಳಿಯಾಗಿತ್ತು. ಫಾರ್ಮಿಗೆ ಸಹಿ ಹಾಕಿದರೆ ಸಿಸ್ಟರ ಸಾಲದ ಮಾತು ಮನೆಗೆ ಬರುತ್ತದೆ, ಅದರ ಹಿಂದೆ ನನ್ನದೂ ಬರುತ್ತದೆ. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದೇನೂ ಇಲ್ಲ.

ಒಂದು ಸಂಜೆ ಕಲಬುರಗಿಯಲ್ಲಿ ಇಳಿದ ಮೇಲೆ ಸಿಸ್ಟರು ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತುಬಿಟ್ಟರು. ಅವತ್ತು ನಾಲ್ಕನೇ ಬೆಡ್ಡಿನವರು ತಡವಾಯಿತೆಂದು ದಂಡ ಹಾಕಿದ್ದರು. "ನನಗ ಮನಿಗಿ ಹೋಗಬಾರದು ಅನಸ್ತದ. ಎಲ್ಲಿಗೂ ಹೋಗಬಾರದು ಅನಸ್ತದ" ಅಂದರು. ಆಮೇಲೆ, "ಬೆಳಿಗಿ ಹೊಡಿಯೋ ಎಣ್ಣಿ ಕುಡದು ಬಂದವರ ಹೊಟ್ಟಿ ತೊಳೆಯೋವಾಗ ಭಾಳ ಬೈತಿದ್ದೆ ನೋಡ್ರಿ ನಾ, ಮಕ್ಕಳ ಮರಿ ನೆನಪಾಗಲಿಲ್ಲೇನು ಅಂತ. ಈಗ ಬೈಯಂಗಿಲ್ಲ" ಅಂದರು. ಅವರ ಪಕ್ಕ ಕೂತೆ, ಚಹಾ ತರಿಸಿದೆ, ಮಗಳಿಗೆ ಫೋನು ಹಚ್ಚಿಕೊಟ್ಟು ಏನಾದರೂ ಮಾತಾಡಿ ಅಂದೆ. ಬದನೆಕಾಯಿ ಪಲ್ಯದ ಬಗ್ಗೆ ಮಾತಾಡಿದರು. ಕಾಲೋನಿಯವರೆಗೆ ಆಟೋದಲ್ಲಿ ಬಿಟ್ಟು ಬಂದೆ, ಆಟೋದ ಎಂಬತ್ತು ರೂಪಾಯಿ ನಾನೇ ಕೊಟ್ಟೆ. ಎಂಥ ಉಪಕಾರ ಮಾಡಿದೆ ಎಂದು ಕುಸನೂರು ಮುಟ್ಟುವವರೆಗೂ ಅನಿಸುತ್ತಿತ್ತು.

ಮೂರನೇ ಬೆಡ್ಡು ಮುಗಿದ ದಿನ ಒಂದೇ ಒಂದು ಕೆಂಪು ಬಾಳೆಹಣ್ಣು ತಂದಿದ್ದರು, ಮಗಳ ಮನೆಯದು. ಅರ್ಧ ನನಗೆ ಕೊಟ್ಟರು. ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ 'ಡಿಸ್ಚಾರ್ಜ್' ಎಂದು ಬರೆದು ತೋರಿಸಿದರು. ಹಿಂದಿನ ಸೀಟಿನ ಮುದುಕಿಗೆ ಆದ ಖುಷಿ ಹೇಳತೀರದು. "ಉಳೀತಲ್ಲಾ, ಉಳೀತಲ್ಲಾ" ಎನ್ನುತ್ತ ಬುಟ್ಟಿಯಿಂದ ಹಸಿರು ಗಾಜಿನ ಬಳೆ ತೆಗೆದು ಸಿಸ್ಟರ ಬರಿಗೈಗೆ ತಾನೇ ಏರಿಸಿದಳು. ರೊಕ್ಕ ತೆಗೆದುಕೊಳ್ಳಲಿಲ್ಲ. "ಆ ಕೂಸಿನ ಹೆಸರಲೆ ಇರಲಿ" ಅಂದಳು. ಸಿಸ್ಟರು ಸೆರಗು ಬಾಯಿಗೆ ಒತ್ತಿಕೊಂಡು ಇಳಿಯುವವರೆಗೂ ಅತ್ತರು.

ಆಮೇಲೆ ಒಂದನೆಯದು ಹೋಯಿತು, ಎರಡನೆಯದು ಹೋಯಿತು. ಉಳಿದದ್ದು ನಾಲ್ಕನೆಯದು. ಏಪ್ರಿಲ್ ತಿಂಗಳ ಚಾರ್ಜು ಒಪ್ಪಿಸುವಾಗ, "ಇಪ್ಪತ್ಮೂರು ಸಾವಿರದ ನಾಲ್ಕುನೂರು ಅದ್ರಿ. ಇನ್ನೊಂದು ಪಗಾರ, ಮ್ಯಾಲ ಒಂದ್ಚೂರು. ನಾ ರಿಟೈರ್ ಆಗೋ ದಿನ ವಾರ್ಡ್ ಖಾಲಿ" ಎಂದರು. ಅವರ ಮುಖ ಅಷ್ಟು ಹಗುರಾಗಿದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆ ತಿಂಗಳ ಮೂರನೇ ಭಾನುವಾರ ಬೆಳಿಗ್ಗೆ ಕಸ ಗುಡಿಸುತ್ತಿದ್ದವರು ಹಾಗೆಯೇ ಕುಸಿದರು. ಹಾರ್ಟ್ ಅಟ್ಯಾಕ್ ಅಂದರು. ಊಟ ಬಿಟ್ಟು, ಆಟೋ ಬಿಟ್ಟು, ನಿದ್ದೆ ಬಿಟ್ಟು ಮೂರು ವರ್ಷ ದುಡಿದ ಎದೆಗೆ ಡಾಕ್ಟರು ಕೊಟ್ಟ ಹೆಸರು ಅದು. ಬೀಳ್ಕೊಡುಗೆಗೆಂದು ನಾವು ಪಟ್ಟಿ ಹಾಕಿ, ರೊಕ್ಕ ಕೂಡಿಸಿ ತಂದಿಟ್ಟಿದ್ದ ಶಾಲನ್ನು ಅವರ ಮೇಲೆ ಹೊದಿಸಿದೆವು. ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು.

ಎರಡು ವಾರದ ಮೇಲೆ ಮಗಳು ಲ್ಯಾಬಿಗೆ ಬಂದಳು. ಚೀಲದಿಂದ ಚಾರ್ಟಿನ ಹಾಳೆಗಳನ್ನು ತೆಗೆದು ಟೇಬಲ್ಲಿನ ಮೇಲಿಟ್ಟಳು.

"ಇವೇನಂತ ತಿಳೀಲಿಲ್ರಿ ಸರ್. ಜ್ವರದ ಚಾರ್ಟ್ ಅಂತ ಒಗೀಬೇಕಂದಿದ್ದೆ. ಒಂದ್ರ ಮ್ಯಾಲ ನಿಮ್ಮ ಹೆಸರದ."

ಹಾಳೆಗಳು ಐದಿದ್ದವು. ಮೂರರ ಮೇಲೆ ಕೆಂಪು ಶಾಯಿ. ನಾಲ್ಕನೆಯದರಲ್ಲಿ ಗೆರೆ ಇಳಿಯುತ್ತ ಬಂದು ನಿಂತಿತ್ತು. ಐದನೆಯದನ್ನು ನಾನು ಎಂದೂ ನೋಡಿರಲಿಲ್ಲ. ಮೇಲೆ ನನ್ನ ಹೆಸರು. ಕೆಳಗೆ, ಐದು ಸಾವಿರದ ಐದುನೂರಾ ಐವತ್ತು. ಗೆರೆ ಒಂದೇ ಮಟ್ಟದಲ್ಲಿ ಹಾಳೆಯ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಔಷಧ ಬರೆಯುವ ಜಾಗದಲ್ಲಿ ಸಿಸ್ಟರ ದುಂಡು ಅಕ್ಷರ: 'ಕೇಳಬಾರದು. ಕೂಸು ಸಣ್ಣದದ.'

ಆ ಹುಡುಗಿಗೆ ಎಲ್ಲ ಹೇಳಿದೆ. ಮುಖ ಎತ್ತದೆ ಕೇಳಿದಳು. "ನಮ್ಮ ಮನಿಯಾಗ ಯಾರಿಗೂ ಗೊತ್ತಿಲ್ರಿ. ಗೊತ್ತಾಗೋದೂ ಬ್ಯಾಡ್ರಿ" ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡು ಹೋದಳು. ಹಾಳೆಗಳನ್ನು ಅಲ್ಲೇ ಬಿಟ್ಟಳು. ನಾನು ಲ್ಯಾಬಿನ ಕ್ಯಾಲ್ಕುಲೇಟರು ತೆಗೆದು ಕೂತೆ. ನಾನು ಉಳಿಸಿಕೊಂಡ ಐದೂವರೆ ಸಾವಿರ ಕಾರ್ಡಿನಿಂದ ಕಾರ್ಡಿಗೆ ದಾಟಿ ನಾಲ್ಕನೇ ಕಾರ್ಡಿನ ಬಾಕಿಗೆ ಬಂದು ಸೇರಿತ್ತು. ನೂರಕ್ಕೆ ಮೂರೂವರೆಯಂತೆ, ಬಡ್ಡಿಯ ಮೇಲೆ ಬಡ್ಡಿ, ನಾಲ್ಕು ವರ್ಷ. ಇಪ್ಪತ್ತೊಂಬತ್ತು ಸಾವಿರದ ಹತ್ತಿರ ಬಂತು. ಎರಡು ಸಲ ಮಾಡಿದೆ, ಅಷ್ಟೇ ಬಂತು. ಅವರು ಬಿಟ್ಟುಹೋದ ಬಾಕಿ ಇಪ್ಪತ್ಮೂರು. ನಾನು ಕೊಡುವುದನ್ನು ಕೊಟ್ಟಿದ್ದರೆ ಆ ವಾರ್ಡು ಅವರಿದ್ದಾಗಲೇ ಖಾಲಿಯಾಗುತ್ತಿತ್ತು.

ಆ ವಾರವೇ ಫೋನು ಬಂತು. ಬೇರೆ ಹುಡುಗಿ, ಅದೇ ಮಾತು. ಸಿಸ್ಟರು ಫೋನು ಎತ್ತುತ್ತಿಲ್ಲ, ಕಂತು ಬಂದಿಲ್ಲ ಅಂದಳು. ತೀರಿಹೋದರು ಎಂದೆ. ಆ ಕಡೆಯಿಂದ ಕೇಳಿದಳು, "ಅವರಿಗೆ ನೀವೇನಾಗಬೇಕು ಸರ್?"

"ನಾ ಅವರಿಗಿ ರೊಕ್ಕ ಕೊಡೋದದ್ರಿ" ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಬಾಕಿ ಎಷ್ಟು ಎಂದು ಕೇಳಿದೆ. ಹೇಳಿದಳು, ಹೇಳಿ, "ಮಿನಿಮಮ್ ಕಟ್ಟುತ್ತೀರಾ ಸರ್?" ಅಂದಳು. ಪೂರ್ತಿ ಅಂದೆ. ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ; ಅವಳು ತನ್ನ ಖಾತೆಯಿಂದ ತೆಗೆದುಕೊಟ್ಟಳು. ಕಾರ್ಡು ಮುಚ್ಚಿದೆ ಎಂಬ ಕಾಗದ ಹತ್ತು ದಿನಕ್ಕೆ ಬಂತು. ಕೆಂಪು ಪೆನ್ನು ತೆಗೆದುಕೊಂಡು ನಾಲ್ಕನೇ ಹಾಳೆಯ ಮೇಲೆ ಡಿಸ್ಚಾರ್ಜ್ ಎಂದು ಬರೆದೆ.

ಐದನೆಯದು ನನ್ನ ಟೇಬಲ್ಲಿನ ಗಾಜಿನ ಕೆಳಗಿದೆ. ಪೆನ್ನು ಹಿಡಿದು ಎಷ್ಟೋ ಸಲ ಅದರ ಮುಂದೆ ಕೂತಿದ್ದೇನೆ. ಬಸ್ಸಿನಲ್ಲಿ ಬಳೆಯ ಮುದುಕಿ ಈಗಲೂ ಕೇಳುತ್ತಾಳೆ, "ಸಿಸ್ಟರ್ ಬರಲಿಲ್ಲೇನ್ರಿ? ಬೆಡ್ಡಿನ ಮಂದಿ ಹೆಂಗದಾರ್ರಿ?" ಎಲ್ಲರೂ ಮನೆಗೆ ಹೋದರು, ಒಬ್ಬನೇ ಉಳಿದಿದ್ದಾನೆ ಎನ್ನುತ್ತೇನೆ. ಅವಳು ಅವನಿಗೂ ಕೈ ಮುಗಿದು ಮಹಾಗಾಂವ ಕ್ರಾಸಿನಲ್ಲಿ ಇಳಿದು ಹೋಗುತ್ತಾಳೆ.